ಡಿಸೆಂಬರ್ 21 ಅತಿ ಚಿಕ್ಕ ಹಗಲು, ಹಾಗಾದ್ರೆ ಸೂರ್ಯ ನವೆಂಬರಿನಲ್ಲೇ ಬೇಗ ಮುಳುಗುದು ಯಾಕೆ?

ಕೂಳೂರು ಸಂಕ:
ಎಲ್ಲರಿಗೂ ನಮಸ್ಕಾರ. ಮಗಳು ಒಂಬತ್ತನೇ ಕ್ಲಾಸು. ಸೂರ್ಯಾಸ್ತ ನೋಡಿ ಬರೆಯುವ ಪ್ರಾಜೆಕ್ಟ್ ಕೊಟ್ಟಿದ್ದಾರೆ. ನವೆಂಬರಿನಿಂದ ಬಿಡುವಾದಾಗಲೆಲ್ಲ ಇಬ್ಬರೂ ಮಂಗಳೂರಿನ ತಣ್ಣೀರುಬಾವಿ ಬೀಚಿಗೆ ಹೋಗ್ತಾ ಇದ್ದೇವೆ. ಈಗ ಎರಡು ತೊಡಕು.

ಮೊದಲನೆಯದು ಲೆಕ್ಕದ್ದು. ಪುಸ್ತಕದಲ್ಲಿ ಡಿಸೆಂಬರ್ 21 ಅಥವಾ 22 ವರ್ಷದ ಅತಿ ಚಿಕ್ಕ ಹಗಲು ಅಂತ ಉಂಟು. ಆದರೆ ನವೆಂಬರ್ 20ರ ಸುಮಾರಿಗೆ ಮಂಗಳೂರಿನ ಸೂರ್ಯಾಸ್ತ 6:01 ಇತ್ತು, ಡಿಸೆಂಬರ್ 21ಕ್ಕೆ 6:10 ಆಗಿದೆ. ಹಗಲು ಇನ್ನೂ ಕಿರಿದಾಗ್ತಾ ಇರುವಾಗ ಸೂರ್ಯ ತಡವಾಗಿ ಮುಳುಗುದು ಹೇಗೆ? ಪೇಪರಿನವರು ತಪ್ಪು ಹಾಕ್ತಾರಾ?

ಎರಡನೆಯದು ಬರವಣಿಗೆಯದ್ದು. ಕನ್ನಡ ಟೀಚರು ನೋಡಿದ್ದನ್ನು ಒಂದು ಪ್ಯಾರಾ ಬರೆದು ತಾ ಅಂದಿದ್ದರು. ಇವಳು "ಬಾನಂಚಿನಲ್ಲಿ ಬಂಗಾರದ ತಟ್ಟೆ, ಪ್ರಕೃತಿ ಮಾತೆಯ ಹಣೆಯ ಕುಂಕುಮ" ಎಂದು ಶುರು ಮಾಡಿದಳು. ಟೀಚರು ಕೆಂಪು ಶಾಯಿಯಲ್ಲಿ "ನೀನು ನೋಡಿದ್ದು ಎಲ್ಲಿ?" ಎಂದು ಬರೆದು ವಾಪಸು ಕೊಟ್ಟಿದ್ದಾರೆ. ಹೇಗೆ ಸಹಾಯ ಮಾಡುದು ಗೊತ್ತಾಗ್ತಾ ಇಲ್ಲ.

ಪಡುಬಿದ್ರಿ ಪ್ಯಾಸೆಂಜರ್:
ಟೀಚರಿಗೆ ನನ್ನ ಕಡೆಯಿಂದ ಒಂದು ನಮಸ್ಕಾರ ಮುಟ್ಟಿಸಿ ಮಾರಾಯ್ರೆ.

ಮಣಿಪಾಲ ಗುಡ್ಡೆ:
ಪೇಪರ್ ಸರಿ ಉಂಟು, ಪುಸ್ತಕವೂ ಸರಿ ಉಂಟು. ನಡುವಿನ ಒಂದು ಸಂಗತಿಯನ್ನು ಶಾಲೆಯಲ್ಲಿ ಹೇಳುವುದಿಲ್ಲ, ಅಷ್ಟೆ. ಮೂವತ್ತು ವರ್ಷ ಭೌತಶಾಸ್ತ್ರ ಕಲಿಸಿದವನು ನಾನು, ನಾನೂ ಕ್ಲಾಸಿನಲ್ಲಿ ಹೇಳಿದ್ದು ಕಡಿಮೆ. ಸಿಲೆಬಸ್ಸಿನಲ್ಲಿ ಇರಲಿಲ್ಲ.

12 ಗಂಟೆ ಅಂದರೆ ಸೂರ್ಯ ಅತಿ ಎತ್ತರದಲ್ಲಿ ಇರುತ್ತಾನೆ ಎಂದು ನಾವೆಲ್ಲ ಅಂದುಕೊಳ್ಳುತ್ತೇವೆ. ಮಂಗಳೂರಿನಲ್ಲಿ ವರ್ಷದ ಒಂದು ದಿನವೂ ಹಾಗಾಗುವುದಿಲ್ಲ. ಭಾರತದ ಗಡಿಯಾರ 82.5 ಡಿಗ್ರಿ ಪೂರ್ವ ರೇಖಾಂಶದ್ದು, ಉತ್ತರ ಪ್ರದೇಶದ ಮಿರ್ಜಾಪುರದ ಹತ್ತಿರ ಹಾದು ಹೋಗುವ ಗೆರೆ. ನಾವಿರುವುದು 74.85ರಲ್ಲಿ. ಭೂಮಿ ಒಂದು ಡಿಗ್ರಿ ತಿರುಗಲು 4 ನಿಮಿಷ ಬೇಕು, ಹಾಗಾಗಿ ನಮ್ಮ ಸರಾಸರಿ ಮಧ್ಯಾಹ್ನ 12:30. ಸರಾಸರಿ ಎಂದೆ, ಗಮನಿಸಿ. ನವೆಂಬರ್ ಮೊದಲ ವಾರ ಅದು 12:14ಕ್ಕೇ ಆಗಿಬಿಡುತ್ತದೆ. ಫೆಬ್ರವರಿ ಎರಡನೇ ವಾರ 12:45ಕ್ಕೆ ಹೋಗುತ್ತದೆ. ಅರ್ಧ ಗಂಟೆಯ ಓಲಾಟ!

ಯಾಕೆ? ಕಾರಣ ಎರಡು. ಭೂಮಿಯ ಕಕ್ಷೆ ಪೂರ್ತಿ ವೃತ್ತವಲ್ಲ, ಜನವರಿ ಮೊದಲ ವಾರ ನಾವು ಸೂರ್ಯನಿಗೆ ಅತಿ ಹತ್ತಿರ ಇರುತ್ತೇವೆ, ಆಗ ಓಟವೂ ಜೋರು. ಕಕ್ಷೆಯಲ್ಲಿ ಹೆಚ್ಚು ಮುಂದೆ ಹೋದ ದಿನ, ಸೂರ್ಯನನ್ನು ಮತ್ತೆ ಅದೇ ಗೆರೆಗೆ ತರಲು ಭೂಮಿ ಸ್ವಲ್ಪ ಹೆಚ್ಚು ತಿರುಗಬೇಕು. ಇನ್ನೊಂದು, ಅಕ್ಷದ 23.4 ಡಿಗ್ರಿ ವಾಲು. ಅಯನ ಸಂಕ್ರಮಣದ, ಅಂದರೆ ಜೂನ್ 21, ಡಿಸೆಂಬರ್ 21ರ ಆಸುಪಾಸಿನಲ್ಲಿ ಸೂರ್ಯ ಉತ್ತರ ದಕ್ಷಿಣಕ್ಕೆ ಹೆಚ್ಚುಕಡಿಮೆ ನಿಂತೇ ಇರುತ್ತಾನೆ, ನಕ್ಷತ್ರಗಳ ನಡುವೆ ಅವನ ಇಡೀ ನಡಿಗೆ ಮೂಡುದಿಕ್ಕಿಗೆ, ಆಗಲೂ ಭೂಮಿ ಸ್ವಲ್ಪ ಹೆಚ್ಚು ತಿರುಗಬೇಕು. ಡಿಸೆಂಬರಿನಲ್ಲಿ ಈ ಎರಡೂ ಒಂದೇ ಬದಿಗೆ ಎಳೆಯುತ್ತವೆ. ಆ ದಿನಗಳಲ್ಲಿ ಮಧ್ಯಾಹ್ನದಿಂದ ಮಧ್ಯಾಹ್ನಕ್ಕೆ 24 ಗಂಟೆಯ ಮೇಲೆ ಸುಮಾರು 30 ಸೆಕೆಂಡ್.

ಈಗ ಕೂಡಿಸಿ. ಡಿಸೆಂಬರ್ ಮಧ್ಯದಲ್ಲಿ ಹಗಲು ಕಿರಿದಾಗುವುದು ದಿನಕ್ಕೆ ಕೆಲವೇ ಸೆಕೆಂಡು. ಆದರೆ ಹಗಲಿನ ನಡುಬಿಂದುವೇ ದಿನಕ್ಕೆ ಅರ್ಧ ನಿಮಿಷದಂತೆ ಮುಂದಕ್ಕೆ ಜಾರುತ್ತಿದೆ. ಹಾಗಾಗಿ ಸೂರ್ಯೋದಯ, ಸೂರ್ಯಾಸ್ತ ಎರಡೂ ತಡ. ಸೂರ್ಯಾಸ್ತ ನವೆಂಬರ್ 20ರ ಸುಮಾರಿಗೇ ತಿರುಗಿಬಿಟ್ಟಿದೆ. ಸೂರ್ಯೋದಯ ಮಾತ್ರ ಜನವರಿ ಕೊನೆಯವರೆಗೂ ತಡವಾಗುತ್ತಲೇ ಹೋಗುತ್ತದೆ. ಡಿಸೆಂಬರ್ 21ಕ್ಕೆ 6:48, ಜನವರಿ ಕೊನೆಗೆ 6:58ರ ಹತ್ತಿರ. ಬೆಳಿಗ್ಗೆ ವಾಕಿಂಗ್ ಹೋಗುವವರಿಗೆ ಇದು ಲೆಕ್ಕ ಹಾಕದೆಯೂ ಗೊತ್ತು.

ಕೂಳೂರು ಸಂಕ:
ಸರ್, ಎರಡು ಸಲ ಓದಿದೆ, ಈಗ ಕೂತಿತು. ಹಾಗಾದ್ರೆ ಬೇಸಿಗೆಯಲ್ಲೂ ಹೀಗೇ ಉಂಟಾ?

ಮಣಿಪಾಲ ಗುಡ್ಡೆ:
ಉಂಟು, ಸ್ವಲ್ಪ ಮೆತ್ತಗೆ. ಅತಿ ಬೇಗದ ಸೂರ್ಯೋದಯ ಜೂನ್ ಶುರುವಿಗೆ, 6:03ರ ಹತ್ತಿರ. ಅತಿ ತಡದ ಸೂರ್ಯಾಸ್ತ ಜುಲೈ ಮೊದಲೆರಡು ವಾರದಲ್ಲಿ, 7:01. ಅತಿ ದೊಡ್ಡ ಹಗಲು ಜೂನ್ 21, ಸುಮಾರು 12 ಗಂಟೆ 53 ನಿಮಿಷ. ಅತಿ ಚಿಕ್ಕದು 11 ಗಂಟೆ 22 ನಿಮಿಷ. ಅಂದರೆ ಇಡೀ ವರ್ಷದ ವ್ಯತ್ಯಾಸ ಒಂದೂವರೆ ಗಂಟೆ. ಲಂಡನ್ನಿನಲ್ಲಿರುವ ನಿಮ್ಮ ನೆಂಟರನ್ನು ಕೇಳಿ, ಅಲ್ಲಿ ಎಂಟು ಗಂಟೆಗೂ ಹೆಚ್ಚು.

ಪಡುಬಿದ್ರಿ ಪ್ಯಾಸೆಂಜರ್:
ವರ್ಷದ ಅತಿ ತಡದ ಸೂರ್ಯಾಸ್ತ ಜುಲೈಯಲ್ಲಿ! ಮಳೆಗಾಲದಲ್ಲಿ ಅದನ್ನು ಕಂಡವರು ಯಾರು? ನಮ್ಮ ಪಾಲಿಗೆ ಬಂದದ್ದೂ ಮೋಡದ ಹಿಂದೆ.

ಬೋಳಾರ ಬಾಲ್ಕನಿ:
ಗಡಿಯಾರದ ವಿಷಯ ಬಂತು ಅಂತ ಒಂದು ಮಾತು. ಅಸ್ಸಾಮಿನ ಚಹಾ ತೋಟಗಳಲ್ಲಿ ಇವತ್ತಿಗೂ ದೇಶದ ಗಡಿಯಾರಕ್ಕಿಂತ ಒಂದು ಗಂಟೆ ಮುಂದಿನ 'ಬಾಗಾನ್ ಟೈಮ್' ನಡೆಯುತ್ತದೆ. ಅಲ್ಲಿ ಬೆಳಕು ಬೇಗ, ಕತ್ತಲೂ ಬೇಗ. ನಮ್ಮದು ಉಲ್ಟಾ, ಅರ್ಧ ಗಂಟೆ ಹಿಂದೆ. ಕೆಲಸ ಬಿಟ್ಟು ಬಂದ ಮೇಲೂ ಕಡಲಕರೆಗೆ ಹೋಗಿ ಸೂರ್ಯಾಸ್ತ ನೋಡಲಿಕ್ಕೆ ಆಗುದು ಅದರಿಂದಲೇ. 1906ರಲ್ಲಿ ಈ ಸ್ಟ್ಯಾಂಡರ್ಡ್ ಟೈಮ್ ತಂದವರಿಗೆ ಪಶ್ಚಿಮ ಕರಾವಳಿಯವರು ಋಣಿಯಾಗಿರಬೇಕು.

ಬೈಕಂಪಾಡಿ ಬೋಲ್ಟು:
ಮಗಳ ಪ್ರಾಜೆಕ್ಟಿಗೆ ಇದನ್ನು ಸೇರಿಸಿ, ಟೀಚರ್ ಖುಷಿ ಆಗ್ತಾರೆ. ಸೂರ್ಯನ ಬೆಳಕು ನಮಗೆ ಮುಟ್ಟಲು 8 ನಿಮಿಷ 20 ಸೆಕೆಂಡ್ ಬೇಕು. ಹಾಗಾಗಿ ಸೂರ್ಯ ಕಡಲಿನ ಗೆರೆಗೆ ಮುಟ್ಟಿದ ಹಾಗೆ ಕಾಣುವಾಗ ಅವನು ನಿಜವಾಗಿ 8 ನಿಮಿಷ ಹಿಂದೆಯೇ ಮುಳುಗಿ ಆಗಿದೆ.

ಹೂಡೆ ಕಡಲು:
ಸೇರಿಸಬೇಡಿ ದಯವಿಟ್ಟು. 8 ನಿಮಿಷದ ಲೆಕ್ಕ ಸರಿ, ತೀರ್ಮಾನ ಸರಿಯಿಲ್ಲ. ಸೂರ್ಯ ನಮ್ಮನ್ನು ಸುತ್ತುತ್ತಿದ್ದರೆ ಆ ಮಾತು ನಡೆಯುತ್ತಿತ್ತು. ಮುಳುಗಿಸುತ್ತಿರುವುದು ಭೂಮಿಯ ತಿರುಗುವಿಕೆ. ಬೆಳಕು 8 ನಿಮಿಷ ಹಿಂದೆ ಹೊರಟ ಜಾಗದಲ್ಲೇ ಸೂರ್ಯ ಈಗಲೂ ಇದ್ದಾನೆ, ಆ ಬೆಳಕು ಬರುವ ದಾರಿಗೆ ಅಡ್ಡ ಏಳುತ್ತಿರುವುದು ನಮ್ಮ ಕಡಲಿನ ಗೆರೆ. ಅದು ಈಗ ಅಡ್ಡ ಬಂದರೆ ಈಗಲೇ ಸೂರ್ಯಾಸ್ತ. ಭೂಮಿಯ ಓಟದಿಂದ ಬೆಳಕು ಬರುವ ಕೋನದಲ್ಲಿ ಒಂದು ಅತಿ ಸಣ್ಣ ವ್ಯತ್ಯಾಸ ಉಂಟು, ಅದು ಒಂದೆರಡು ಸೆಕೆಂಡಿನ ಮಾತು.

ಬೈಕಂಪಾಡಿ ಬೋಲ್ಟು:
ಆದರೆ ಮುಳುಗಿದ ಸೂರ್ಯನನ್ನೇ ನಾವು ನೋಡುದು ಅಂತ ಎಲ್ಲ ಕಡೆ ಹೇಳ್ತಾರಲ್ಲ. ಸುಮ್ಮನೆ ಹೇಳ್ತಾರಾ?

ಹೂಡೆ ಕಡಲು:
ಆ ಮಾತು ನಿಜ, ಕಾರಣ ಬೇರೆ. ಅದು ಗಾಳಿಯ ಆಟ. ಕೆಳಗೆ ಗಾಳಿ ದಟ್ಟ, ಮೇಲೆ ಹೋದಂತೆ ತೆಳು, ಹಾಗಾಗಿ ಓರೆಯಾಗಿ ಬರುವ ಬೆಳಕು ಬಾಗುತ್ತದೆ. ದಿಗಂತದಲ್ಲಿ ಈ ಬಾಗು ಸುಮಾರು 34 ಕಲೆ (ಒಂದು ಡಿಗ್ರಿಗೆ 60 ಕಲೆ), ಅಂದರೆ ಅರ್ಧ ಡಿಗ್ರಿಗಿಂತ ಸ್ವಲ್ಪ ಹೆಚ್ಚು. ಸೂರ್ಯನ ಬಿಂಬದ ಅಗಲ 32 ಕಲೆ. ಬಿಂಬದ ಕೆಳಗಿನ ಅಂಚು ನೀರಿಗೆ ತಾಗಿದ ಹಾಗೆ ಕಾಣುವ ಹೊತ್ತಿಗೆ, ಗಾಳಿ ಇಲ್ಲದಿದ್ದರೆ ಇಡೀ ಬಿಂಬ ಗೆರೆಯ ಕೆಳಗೆ ಹೋಗಿರುತ್ತಿತ್ತು. ನಮಗೆ ಸಿಗುವ ಲಾಭ ಸಂಜೆಗೆ ಎರಡು ನಿಮಿಷದ ಮೇಲೆ ಸ್ವಲ್ಪ, ಬೆಳಿಗ್ಗೆಗೆ ಅಷ್ಟೇ.

ಇದರ ಜೊತೆಗೆ ಇನ್ನೊಂದು. ಲೆಕ್ಕದಲ್ಲಿ ಸೂರ್ಯೋದಯ ಎಂದರೆ ಬಿಂಬದ ಮೇಲಂಚು ಕಾಣುವುದು, ಸೂರ್ಯಾಸ್ತ ಎಂದರೆ ಮೇಲಂಚು ಮರೆಯಾಗುವುದು. ಹಾಗಾಗಿ ಮಾರ್ಚ್ 21ಕ್ಕೆ ಹಗಲು ಇರುಳು ಸಮ ಎಂದು ಬಾಯಿಪಾಠ ಮಾಡಿಸುತ್ತಾರಲ್ಲ, ಮಂಗಳೂರಿನಲ್ಲಿ ಆ ದಿನ ಹಗಲು 12 ಗಂಟೆ 7 ನಿಮಿಷ. ನಿಜವಾಗಿ ಸಮ ಆಗುವುದು ಮಾರ್ಚ್ 11, 12ರ ಸುಮಾರಿಗೆ.

ಬಿಂಬ ಚಪ್ಪಟೆಯಾಗಿ ಕಾಣುವುದೂ ಇದರಿಂದಲೇ. ಕೆಳಗಿನ ಅಂಚು ಮೇಲಿನದಕ್ಕಿಂತ ಹೆಚ್ಚು ಎತ್ತಲ್ಪಡುತ್ತದೆ, ಸೂರ್ಯ ನಿಂತಲ್ಲೇ ಅಮುಕಿದಂತಾಗುತ್ತಾನೆ. ಅಗಲ ಹಾಗೆಯೇ, ಎತ್ತರ ಆರರಲ್ಲಿ ಒಂದು ಪಾಲು ಕಡಿಮೆ.

ಸುರತ್ಕಲ್ 14ನೇ ಮಾಳಿಗೆ:
ನನ್ನದೊಂದು ಸಂಶಯ. ನಮ್ಮವರು ಕೆಳಗೆ ಬೀಚಿನಲ್ಲಿ ನಿಂತು "ಮುಳುಗಿತು" ಅಂತ ಫೋನಿನಲ್ಲಿ ಹೇಳ್ತಾರೆ. ನನಗೆ ಬಾಲ್ಕನಿಯಲ್ಲಿ ಇನ್ನೂ ಒಂದು ಚೂರು ಕಾಣ್ತಾ ಇರ್ತದೆ. ಅವರ ಕಣ್ಣಿಗೆ ಕನ್ನಡಕ ಬದಲಿಸಬೇಕಾ ಅಥವಾ ಎಂತಾದ್ರೂ ಕಾರಣ ಉಂಟಾ?

ಹೂಡೆ ಕಡಲು:
ಕನ್ನಡಕದ ಖರ್ಚು ಉಳಿಯಿತು. ಮೇಲೆ ಹೋದಷ್ಟು ದಿಗಂತ ದೂರ ಹೋಗುತ್ತದೆ, ನೋಟ ಸಮತಲಕ್ಕಿಂತ ಕೆಳಗೆ ಇಳಿಯುತ್ತದೆ. ಮರಳಿನಲ್ಲಿ ನಿಂತವನಿಗೆ ಕಡಲಿನ ಗೆರೆ ಐದು ಕಿಲೋಮೀಟರ್ ಆಚೆ. 14ನೇ ಮಾಳಿಗೆ ಎಂದರೆ ನೆಲದಿಂದ 40 ಮೀಟರ್ ಮೇಲೆ ಅಂತಿಟ್ಟುಕೊಳ್ಳಿ, ನಿಮ್ಮ ಗೆರೆ 24 ಕಿಲೋಮೀಟರ್ ದೂರ. ನಿಮಗೆ ಅವರಿಗಿಂತ ಅರ್ಧ ನಿಮಿಷದ ಮೇಲೆ ಕೆಲವು ಸೆಕೆಂಡ್ ಹೆಚ್ಚು ಸಿಗುತ್ತದೆ. ಮರಳಿನಲ್ಲಿ ಮಲಗಿ ಮುಳುಗುವುದನ್ನು ನೋಡಿ ತಟ್ಟನೆ ಎದ್ದು ನಿಂತರೂ ಕೆಲವು ಸೆಕೆಂಡ್ ಮತ್ತೆ ಕಾಣುತ್ತದೆ. ಮಕ್ಕಳಿಗೆ ಈ ಆಟ ಇಷ್ಟ.

ಕುದ್ರೋಳಿ ಹುಡುಗ:
ಇದರ ಮೇಲೆ ದುಬೈಯಲ್ಲಿ ತೀರ್ಪೇ ಬಂದಿದೆ. 2011ರ ರಂಜಾನಿನಲ್ಲಿ ಅಲ್ಲಿನ ಮುಫ್ತಿ ಹೇಳಿದ್ದು: ಬುರ್ಜ್ ಖಲೀಫಾದ 80ನೇ ಮಾಳಿಗೆಯಿಂದ ಮೇಲಿನವರು 2 ನಿಮಿಷ, 150ಕ್ಕಿಂತ ಮೇಲಿನವರು 3 ನಿಮಿಷ ಕಾದು ಉಪವಾಸ ಬಿಡಬೇಕು. ಕೆಳಗಿನವರು ಖರ್ಜೂರ ಬಾಯಿಗೆ ಹಾಕಿ ಆಗಿರ್ತದೆ, ಮೇಲಿನವರಿಗೆ ಸೂರ್ಯ ಇನ್ನೂ ಎದುರಿಗೇ. ನಮ್ಮ ಅಪಾರ್ಟ್‌ಮೆಂಟಿಗೆ ಅಷ್ಟು ತಾಪತ್ರಯ ಇಲ್ಲ, ಮಗ್ರಿಬ್ ಬಾಂಗ್ ಕೇಳಿದರೆ ಆಯ್ತು.

ಬೋಳಾರ ಬಾಲ್ಕನಿ:
ಹಾಗಾದ್ರೆ ಆಗುಂಬೆಯಲ್ಲಿ?

ಮಣಿಪಾಲ ಗುಡ್ಡೆ:
ಆಗುಂಬೆ ಚೆನ್ನಾದ ಉದಾಹರಣೆ, ಯಾಕೆಂದರೆ ಅಲ್ಲಿ ಎರಡು ಲೆಕ್ಕ ಒಂದಕ್ಕೊಂದು ಎದುರು. ಮಲ್ಪೆಗಿಂತ ಅದು ಪೂರ್ವಕ್ಕೆ, ನೇರ ಅಳೆದರೆ 40 ಕಿಲೋಮೀಟರ್ ಆಚೆ. ಬರೀ ಅದನ್ನು ಹಿಡಿದರೆ ಸೂರ್ಯ ಅಲ್ಲಿ ಒಂದೂವರೆ ನಿಮಿಷ ಬೇಗ ಮುಳುಗಬೇಕು. ಆದರೆ ಘಾಟಿಯ ತಿರುವಿನಲ್ಲಿ ಸೂರ್ಯಾಸ್ತ ನೋಡುವ ಕಟ್ಟೆ ಇರುವುದು ಸುಮಾರು 600 ಮೀಟರ್ ಎತ್ತರದಲ್ಲಿ, ಅದರ ಲಾಭ ಮೂರು ನಿಮಿಷದ ಹತ್ತಿರ. ಕಳೆದು ಕೂಡಿದರೆ ಮಲ್ಪೆಯವರಿಗೆ ಕತ್ತಲು ಶುರುವಾದ ಮೇಲೂ ಒಂದೂವರೆ ನಿಮಿಷ ಆಗುಂಬೆಯವರಿಗೆ ಸೂರ್ಯ. ಅದೂ ದಿಗಂತ ಶುಭ್ರವಾಗಿದ್ದರೆ. ಬಹಳ ದಿನ ಕಡಲೇ ಕಾಣುವುದಿಲ್ಲ, ಮಬ್ಬಿನ ಒಳಗೇ ಮುಗಿದುಹೋಗುತ್ತದೆ. ಬಾಡಿಗೆ ಕಾರು ಮಾಡಿಕೊಂಡು ಹೋದವರು ಬೈದುಕೊಂಡು ಇಳಿಯುವುದು ಅದಕ್ಕೇ.

ಮರವಂತಿ ಮಾಣಿ:
ಹ್ವಾಯ್, ಮಂಗ್ಳೂರು, ಆಗುಂಬಿ ಎಲ್ಲ ಆಯ್ತ್. ಒಂದ್ ಸಲ ನಮ್ ಮರವಂತಿಗ್ ಬನ್ನಿ ಕಾಂಬ. ರಸ್ತಿ ಒಂದ್ ಬದಿ ಕಡ್ಲ್, ಇನ್ನೊಂದ್ ಬದಿ ಸೌಪರ್ಣಿಕಾ ಹೊಳಿ. ಸಂಜಿಗೆ ಎಲ್ಲರ್ ಮೊಬೈಲೂ ಕಡ್ಲ್ ಬದಿಗೇ. ಸೂರ್ಯ ಮುಳ್ಗಿದ್ದೇ ಸೈ, ಕಾರ್ ಹತ್ತಿ ಹೊರ್ಟ್ರ್. ಹಿಂದ್ ತಿರ್ಗಿ ಹೊಳಿ ಬದಿ ಕಾಂಬರ್ ಒಬ್ರೂ ಇಲ್ಲ.

ಎಂಡ್ ಪಾಯಿಂಟ್ ವಾಕಿಂಗ್:
ಮಾಣಿ ಹೇಳಿದ್ದು ಲಕ್ಷ ರೂಪಾಯಿಯ ಮಾತು. ಸೂರ್ಯಾಸ್ತದ ಅರ್ಧ ಭಾಗ ನಡೆಯುವುದು ಮೂಡುದಿಕ್ಕಿನಲ್ಲಿ, ನೋಡುವವರೇ ಇಲ್ಲ. ಸೂರ್ಯ ಮುಳುಗಿ ಐದಾರು ನಿಮಿಷಕ್ಕೆ ಬೆನ್ನು ತಿರುಗಿಸಿ ಘಟ್ಟದ ಕಡೆ ನೋಡಿ. ಬೆಟ್ಟದ ಸಾಲಿನ ಮೇಲೆ ಮಂಕು ನೀಲಿಯ ಒಂದು ಪಟ್ಟಿ ಏಳುತ್ತಿರುತ್ತದೆ, ಅದರ ಮೇಲೆ ತೆಳು ಗುಲಾಬಿ. ಮೋಡ ಎಂದುಕೊಂಡು ಬಿಟ್ಟುಬಿಡುತ್ತೇವೆ. ಆ ನೀಲಿ ಪಟ್ಟಿ ಭೂಮಿಯ ನೆರಳು, ಗಾಳಿಯ ಮೇಲೆ ಬಿದ್ದದ್ದು. ಸೂರ್ಯ ಇಳಿದಷ್ಟು ಅದು ಮೇಲೇರುತ್ತದೆ, ಹತ್ತು ಹದಿನೈದು ನಿಮಿಷದಲ್ಲಿ ಆಕಾಶದ ಕತ್ತಲಲ್ಲಿ ಬೆರೆತು ಗಡಿ ಸಿಗದ ಹಾಗಾಗುತ್ತದೆ. ಗುಲಾಬಿ ಬಂದದ್ದು ಪಡುವಣದ ಕೆಂಬೆಳಕು ನಮ್ಮ ತಲೆಯ ಮೇಲೆ ಹಾದು ಹೋಗಿ, ಎದುರಿನ ಗಾಳಿಗೆ ತಾಗಿ ಮರಳಿದ್ದರಿಂದ. ಹುಣ್ಣಿಮೆಯ ಸಂಜೆಯಾದರೆ ಆ ಪಟ್ಟಿಯ ಆಸುಪಾಸಿನಲ್ಲೇ ಚಂದ್ರ ಏಳುತ್ತಾನೆ. ಹುಣ್ಣಿಮೆ ಎಂದರೆ ಸೂರ್ಯನಿಗೆ ನೇರ ಎದುರು ಎಂದೇ ಅಲ್ಲವೇ.

ಬೆಳಿಗ್ಗೆ ಇದೇ ಆಟ ಪಡುವಣದಲ್ಲಿ, ತಿರುಗಿಸಿಟ್ಟ ಕ್ರಮದಲ್ಲಿ. ನೆರಳು ಕಡಲಿಗೆ ಇಳಿಯುತ್ತದೆ. ಮಲ್ಪೆಯಲ್ಲಿ ಬೆಳಿಗ್ಗೆ ಆರೂವರೆಗೆ ಓಡುವವರು ಬಲಗಡೆ ಎಡಗಡೆ ನೋಡದೆ ಇಯರ್‌ಫೋನ್ ಹಾಕಿ ಓಡುತ್ತಾರೆ.

ಮಲ್ಪೆ ಬೋಟು:
ನೀವು ದಡದಿಂದ ನೋಡಿದ್ದು ಹೇಳಿದಿರಿ. ನಾವು ನೀರಿನಿಂದ ನೋಡುದು. ಕಡಲಲ್ಲಿ ಇರುವವನಿಗೆ ಸೂರ್ಯ ಮೂಡುದು ಊರಿನ ಮೇಲಿಂದ. ಮೂಡುವ ಮುಂಚೆ ಘಟ್ಟದ ಸಾಲು ಕಪ್ಪಗೆ ಗೆರೆ ಎಳೆದ ಹಾಗೆ ಸ್ಪಷ್ಟ ಕಾಣ್ತದೆ, ಬಿಸಿಲು ಏರಿದ ಮೇಲೆ ಇಡೀ ದಿನ ಕಾಣುದಿಲ್ಲ. ಒಂದು ಕೇಳುದುಂಟು. ಒಮ್ಮೊಮ್ಮೆ ಪೊರ್ತು ಕಂತುವಾಗ (ಸೂರ್ಯ ಮುಳುಗುವಾಗ) ಕೊನೆಯ ಚೂರು ಹಸಿರು ಆದದ್ದು ಕಂಡಿದ್ದೇನೆ. ಹೇಳಿದರೆ ನಗ್ತಾರೆ.

ಹೂಡೆ ಕಡಲು:
ನಗುವವರು ನೋಡಿಲ್ಲ, ಅಷ್ಟೆ. ಗಾಳಿ ಬೆಳಕನ್ನು ಬಾಗಿಸುವಾಗ ಎಲ್ಲ ಬಣ್ಣವನ್ನೂ ಒಂದೇ ಅಳತೆಗೆ ಬಾಗಿಸುವುದಿಲ್ಲ, ಹಸಿರು ನೀಲಿ ಸ್ವಲ್ಪ ಹೆಚ್ಚು ಬಾಗುತ್ತವೆ. ಹಾಗಾಗಿ ಕೆಂಪು ಬಿಂಬ ಮೊದಲು ಮುಳುಗಿ, ಹಸಿರಿನ ಮೇಲಂಚು ಕೊನೆಗೆ ಉಳಿಯುತ್ತದೆ. ನೀಲಿ ದಾರಿಯಲ್ಲೇ ಚದುರಿ ಹೋಗಿರುತ್ತದೆ. ಒಂದೆರಡು ಸೆಕೆಂಡ್ ಮಾತ್ರ, ಕಡಲಿನ ಗೆರೆ ಚಾಕುವಿನಲ್ಲಿ ಕತ್ತರಿಸಿದಷ್ಟು ಶುಭ್ರವಾಗಿರಬೇಕು. ನಿಮಗೆ ಸಿಗುವಷ್ಟು ಅವಕಾಶ ನಮಗೆ ಸಿಗುವುದಿಲ್ಲ.

ಓದುವ ಮಕ್ಕಳಿಗೆ ಎಚ್ಚರಿಕೆ: ಹಸಿರು ಹುಡುಕಲು ಹೋಗಿ ಬೈನಾಕ್ಯುಲರಿನಲ್ಲಿ ಸೂರ್ಯನನ್ನು ನೋಡಬಾರದು. ಮುಳುಗುವ ಸೂರ್ಯ ಮೆತ್ತಗಿದ್ದ ಹಾಗೆ ಕಂಡರೂ ಲೆನ್ಸಿನಲ್ಲಿ ಕಣ್ಣಿನ ಪರದೆ ಸುಡುತ್ತದೆ.

ಬೈಕಂಪಾಡಿ ಬೋಲ್ಟು:
ಬಣ್ಣದ ವಿಷಯ. ಧೂಳು, ಹೊಗೆ ಹೆಚ್ಚಿದ್ದಷ್ಟು ಸೂರ್ಯಾಸ್ತ ಚಂದ ಅಂತ ಓದಿದ್ದೆ. ನಮ್ಮ ಏರಿಯಾದಲ್ಲಿ ಎರಡಕ್ಕೂ ಕೊರತೆ ಇಲ್ಲ, ಆದರೆ ಬಣ್ಣ ಮಾತ್ರ ಹಳಸಿದ ಕಿತ್ತಳೆ.

ಎಂಡ್ ಪಾಯಿಂಟ್ ವಾಕಿಂಗ್:
ನಿಮ್ಮ ಕಣ್ಣೇ ಸರಿ, ಓದಿದ್ದು ಸರಿಯಲ್ಲ. ಬಣ್ಣ ಮಾಡುವುದು ಗಾಳಿಯ ಅಣುಗಳೇ. ಇದನ್ನು ಲೆಕ್ಕಕ್ಕೆ ತಂದವರು ಲಾರ್ಡ್ ರೇಲಿ, 1871ರಲ್ಲಿ. ಅತಿ ಸಣ್ಣ ಕಣಗಳು ನೀಲಿಯನ್ನು ಕೆಂಪಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ಚದುರಿಸುತ್ತವೆ. ಸೂರ್ಯ ದಿಗಂತದಲ್ಲಿರುವಾಗ ಬೆಳಕು ದಾಟಿ ಬರಬೇಕಾದ ಗಾಳಿ ನೆತ್ತಿಯ ಮೇಲಿದ್ದಾಗಿಗಿಂತ 38 ಪಟ್ಟು. ನೀಲಿಯೆಲ್ಲ ದಾರಿಯಲ್ಲೇ ಕಳೆದುಹೋಗಿ ಕೆಂಪು, ಕಿತ್ತಳೆ ಉಳಿಯುತ್ತದೆ. ಧೂಳು, ಹೊಗೆಯ ದಪ್ಪ ಕಣ ಎಲ್ಲ ಬಣ್ಣವನ್ನೂ ಸಮನಾಗಿ ಚದುರಿಸುತ್ತವೆ, ಬಣ್ಣ ಮಾಸುತ್ತದೆ. ಅದಕ್ಕೇ ಡಿಸೆಂಬರ್, ಜನವರಿಯಲ್ಲಿ ಮಳೆಯಿಲ್ಲದೆ ಮಬ್ಬು ಕಟ್ಟಿದಾಗ ಸೂರ್ಯ ನೀರು ಮುಟ್ಟುವ ಮೊದಲೇ ಮಾಯ.

ನನ್ನ ಮಟ್ಟಿಗೆ ನಮ್ಮ ಕಡೆ ಒಳ್ಳೆಯ ಸೂರ್ಯಾಸ್ತ ಸೆಪ್ಟೆಂಬರ್, ಅಕ್ಟೋಬರಿನದ್ದು. ಮಳೆ ಗಾಳಿಯನ್ನು ತೊಳೆದಿರುತ್ತದೆ, ಮೇಲೆ ಎತ್ತರದ ತೆಳು ಮೋಡ ಉಳಿದಿರುತ್ತದೆ. ಸೂರ್ಯ ಕೆಳಗೆ ಹೋದ ಮೇಲೆ ಆ ಮೋಡದ ಅಡಿಗೆ ಕೆಳಗಿನಿಂದ ಬೆಳಕು ಬೀಳುತ್ತದೆ. ಬಣ್ಣ ಅತಿ ಜೋರಾಗುವುದು ಹತ್ತು ಹದಿನೈದು ನಿಮಿಷದ ನಂತರ. ಪೂರ್ತಿ ಕತ್ತಲಾಗುವ ಮುಂಚೆ ಓದಲು ಸಾಕಾಗುವಷ್ಟು ಬೆಳಕು ಇಲ್ಲಿ 20 ರಿಂದ 23 ನಿಮಿಷ ಇರುತ್ತದೆ. ನಮ್ಮಲ್ಲಿ ಸೂರ್ಯ ಕಡಿದಾಗಿ ಇಳಿಯುವುದರಿಂದ ಇಷ್ಟು ಕಡಿಮೆ, ಉತ್ತರ ಯುರೋಪಿನಲ್ಲಿ ಇದು ಗಂಟೆಗಟ್ಟಲೆ ಎಳೆಯುತ್ತದೆ.

ಕಲ್ಸಂಕದ ಪಂಚಾಂಗ:
ಹೊಗೆಯ ಮಾತಿಗೆ ಒಂದು ಅಪವಾದ ಸೇರಿಸಬಹುದು. 1883ರಲ್ಲಿ ಕ್ರಾಕಟೋವಾ ಜ್ವಾಲಾಮುಖಿ ಸಿಡಿದಾಗ ಕಣಗಳು ತುಂಬ ಎತ್ತರಕ್ಕೆ ಹೋಗಿ ತಿಂಗಳುಗಟ್ಟಲೆ ಜಗತ್ತಿನ ಸೂರ್ಯಾಸ್ತವನ್ನೇ ಕೆಂಪು ಮಾಡಿದವು. ಆ ಸೆಪ್ಟೆಂಬರಿನಲ್ಲಿ ಮದ್ರಾಸಿನವರು ಹಸಿರು ಸೂರ್ಯನನ್ನೇ ಕಂಡರು. ಅದು ಬೋಟಿನವರು ಕಂಡ ಹಸಿರಲ್ಲ, ಇಡೀ ಬಿಂಬ ಹಸಿರು.

ಸುರತ್ಕಲ್ 14ನೇ ಮಾಳಿಗೆ:
ಭಟ್ರೆ, ನೀವು ಬಂದದ್ದು ಒಳ್ಳೆದಾಯ್ತು. ಪಂಚಾಂಗದಲ್ಲಿ ಉತ್ತರಾಯಣ ಜನವರಿ 14, ಮೇಲೆ ಸರ್ ಹೇಳಿದ್ದು ಡಿಸೆಂಬರ್ 21. ಯಾವುದು ಹಿಡಿಯುದು?

ಕಲ್ಸಂಕದ ಪಂಚಾಂಗ:
ನೋಡುವುದಾದರೆ ಡಿಸೆಂಬರ್, ಆಚರಿಸುವುದಾದರೆ ಜನವರಿ. ಸುಮಾರು 1700 ವರ್ಷಗಳ ಹಿಂದೆ ಎರಡೂ ಕೂಡಿಯೇ ಇದ್ದವು. ಭೂಮಿಯ ಅಕ್ಷ ಸುಮಾರು 26,000 ವರ್ಷಕ್ಕೊಂದು ಸುತ್ತು ಹಾಕುತ್ತದೆ, ಹಾಗಾಗಿ ನಕ್ಷತ್ರ ಹಿಡಿದು ಲೆಕ್ಕ ಹಾಕುವ ಮಕರ ಸಂಕ್ರಮಣ 72 ವರ್ಷಕ್ಕೆ ಸುಮಾರು ಒಂದು ದಿನದಂತೆ ಹಿಂದುಳಿಯುತ್ತ ಬಂದಿದೆ. ಕೃಷ್ಣ ಮಠದ ಮಕರ ಸಂಕ್ರಾಂತಿಯ ತೇರು ನೋಡಲು ಬರುವವರಿಗೆ ಇದರಿಂದ ತೊಂದರೆಯೇನೂ ಇಲ್ಲ. ತೊಂದರೆ ಬರುವುದು "ಇವತ್ತಿನಿಂದ ಸೂರ್ಯ ಉತ್ತರಕ್ಕೆ ತಿರುಗಿದ" ಎಂದು ಆ ದಿನ ಮೈಕಿನಲ್ಲಿ ಹೇಳುವವರಿಗೆ. ಅಷ್ಟರಲ್ಲಿ ಅವನು ತಿರುಗಿ ಮೂರು ವಾರ ದಾಟಿರುತ್ತದೆ, ಕಡಲಕರೆಯಲ್ಲಿ ನಿಂತವನಿಗೆ ಅದು ಕಾಣುತ್ತದೆ.

ಇನ್ನೊಂದು, ಸೂರ್ಯೋದಯದ ಹೊತ್ತಿಗೆ ಯಾವ ತಿಥಿಯೋ ಆ ದಿನಕ್ಕೆ ಅದೇ ತಿಥಿ. ಹಾಗಾಗಿ ನಮ್ಮ ಕಸುಬಿಗೆ ಸೂರ್ಯೋದಯದ ನಿಮಿಷ ಮುಖ್ಯ. ತಿಥಿ ಮುಗಿಯುವುದು ಸೂರ್ಯೋದಯದ ಆಚೀಚೆ ಎರಡು ನಿಮಿಷದಲ್ಲಿ ಬಿದ್ದರೆ, ಕಾಶಿಯಲ್ಲಿ ಒಂದು ದಿನ, ಉಡುಪಿಯಲ್ಲಿ ಇನ್ನೊಂದು ದಿನ ಆಗುವುದುಂಟು.

ಪಡುಬಿದ್ರಿ ಪ್ಯಾಸೆಂಜರ್:
ಸೂರ್ಯೋದಯದ ಹೆಸರು ಎತ್ತಿದಿರಿ. ಕರಾವಳಿಯವರಿಗೆ ಅದು ಎಲ್ಲಿ ಸಿಗ್ತದೆ ಹೇಳಿ. ತೆಂಗಿನ ತೋಟದ ಹಿಂದೆ, ಅದರ ಹಿಂದೆ ಗುಡ್ಡೆ, ಅದರ ಹಿಂದೆ ಘಟ್ಟ. ಸೂರ್ಯ ಕಾಣುವಾಗ ಆಗಲೇ ಬಿಸಿಲು. ಯಕ್ಷಗಾನ ಬೆಳಗಿನವರೆಗೆ ನಡೆಯುತ್ತಿದ್ದಾಗ ಮಂಗಳ ಹಾಡುವ ಹೊತ್ತಿಗೆ ಗದ್ದೆಯಲ್ಲಿ ಕೂತು ಕಂಡದ್ದೇ ನಿಜವಾದ ಉದಯ. ಈಗ ಹಲವು ಕಡೆ ಹನ್ನೆರಡೂವರೆಗೇ ಚೌಕಿ (ವೇಷ ಕಟ್ಟುವ ಜಾಗ) ಖಾಲಿ.

ಮಣಿಪಾಲ ಗುಡ್ಡೆ:
ಘಟ್ಟದಿಂದ ಆಗುವ ತಡವನ್ನು ಲೆಕ್ಕ ಹಾಕಬಹುದು. ಕುದುರೆಮುಖದ ಎತ್ತರ ಸುಮಾರು 1,890 ಮೀಟರ್, ಉಡುಪಿಯಿಂದ ನೇರ ದೂರ 60 ಕಿಲೋಮೀಟರ್ ಆಸುಪಾಸು. ಭೂಮಿಯ ಬಾಗನ್ನು ಕಳೆದರೆ ಶಿಖರ ಒಂದೂವರೆ ಡಿಗ್ರಿ ಎದ್ದು ನಿಲ್ಲುತ್ತದೆ. ಸೂರ್ಯ ಅದನ್ನು ಹತ್ತಲು ಆರು ನಿಮಿಷ. ಸ್ವಾರಸ್ಯ ಏನೆಂದರೆ ಉಡುಪಿಯಿಂದ ಕುದುರೆಮುಖ ಇರುವುದು ಪೂರ್ವದಿಂದ ದಕ್ಷಿಣಕ್ಕೆ ವಾಲಿದ ದಿಕ್ಕಿನಲ್ಲಿ, ಡಿಸೆಂಬರಿನ ಸೂರ್ಯ ಮೂಡುವುದೂ ಅಲ್ಲಿಂದಲೇ. ಮಂಗಳೂರಿನವರಿಗೆ ಆ ಭಾಗ್ಯ ಇಲ್ಲ. ಅವರಿಗೆ ಶಿಖರ ಈಶಾನ್ಯದ ಕಡೆ, ಜೂನಿನ ಸೂರ್ಯನೂ ಅಷ್ಟು ಉತ್ತರಕ್ಕೆ ಹೋಗುವುದಿಲ್ಲ.

ಕೂಳೂರು ಸಂಕ:
ಎಷ್ಟು ಉತ್ತರಕ್ಕೆ ಹೋಗ್ತದೆ ಸರ್? ನವೆಂಬರಿನಿಂದ ಎಡಗಡೆಗೆ ಸರಿದದ್ದು ನಮಗೂ ಕಂಡಿತು, ಅಳೆಯುದು ಹೇಗೆ ಗೊತ್ತಿಲ್ಲ.

ಹೂಡೆ ಕಡಲು:
ಪಡುವಣದ ಎರಡೂ ಬದಿಗೆ 24 ಡಿಗ್ರಿ, ಒಟ್ಟು 48. ಅಳೆಯಲು ಕೈ ಸಾಕು. ಕೈ ನೀಳವಾಗಿ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು 10 ಡಿಗ್ರಿ, ಕಿರುಬೆರಳು 1 ಡಿಗ್ರಿ. ಮಕ್ಕಳ ಕೈ ಸಣ್ಣದು, ತೋಳೂ ಚಿಕ್ಕದು, ಲೆಕ್ಕ ಸರಿಹೋಗುತ್ತದೆ. ಡಿಸೆಂಬರಿನಲ್ಲಿ ಎಡಕ್ಕೆ ಎರಡೂವರೆ ಮುಷ್ಟಿ, ಜೂನಿನಲ್ಲಿ ಬಲಕ್ಕೆ ಅಷ್ಟೇ. ಸರಿಯುವ ವೇಗವೂ ಒಂದೇ ಇರುವುದಿಲ್ಲ. ಮಾರ್ಚ್, ಸೆಪ್ಟೆಂಬರಿನಲ್ಲಿ ದಿನಕ್ಕೆ ಹೆಚ್ಚುಕಡಿಮೆ ತನ್ನ ಅಗಲದ ಮುಕ್ಕಾಲು ಪಾಲು ಸರಿಯುತ್ತದೆ, ಈಗಿನ ದಿನಗಳಲ್ಲಿ ವಾರ ಕಳೆದರೂ ಗೊತ್ತಾಗುವುದಿಲ್ಲ.

ಗುರುತಿಗೆ ಲಂಗರು ಹಾಕಿದ ಹಡಗನ್ನು ಹಿಡಿಯಬೇಡಿ, ನಾಳೆಗೆ ಅದು ಬಂದರಿನ ಒಳಗೆ. ಪಣಂಬೂರಿನ ಬ್ರೇಕ್‌ವಾಟರ್ ಉತ್ತರಕ್ಕೆ ಇದೆ, ಅದು ಅಲ್ಲಾಡುವುದಿಲ್ಲ. ಪ್ರತಿ ಸಲ ಒಂದೇ ಗಾಳಿಮರದ ಬುಡದಲ್ಲಿ ನಿಲ್ಲಿ.

ಅಜ್ಜರಕಾಡು ಓದುಗ:
ಎರಡನೇ ಪ್ರಶ್ನೆಯನ್ನು ಎಲ್ಲರೂ ಬಿಟ್ಟೇ ಬಿಟ್ಟರು. ನನಗೆ ಮೊದಲನೆಯದಕ್ಕಿಂತ ಅದೇ ಮುಖ್ಯ.

ಬಂಗಾರದ ತಟ್ಟೆ ಎಲ್ಲ ಊರಿಗೂ ಎಲ್ಲ ತಿಂಗಳಿಗೂ ನಡೆಯುತ್ತದೆ, ಅದೇ ಅದರ ರೋಗ. ಮೇಲೆ ಇಷ್ಟು ಜನ ಬರೆದದ್ದನ್ನು ನೋಡಿ: ನಿಂತ ಎತ್ತರ ಬದಲಾದರೆ ಹೊತ್ತು ಬೇರೆ, ತಿಂಗಳು ಬದಲಾದರೆ ದಿಕ್ಕು ಬೇರೆ, ಮಳೆ ಬಂದು ಹೋದರೆ ಬಣ್ಣ ಬೇರೆ. ಟೀಚರು "ನೋಡಿದ್ದು ಎಲ್ಲಿ" ಎಂದು ಕೇಳಿದ್ದು ಅದಕ್ಕೆ. ಹುಡುಗಿಗೆ ಹೇಳಿ, ಸೂರ್ಯನಿಂದ ಶುರು ಮಾಡಬೇಡ. ಎಲ್ಲಿ ನಿಂತಿದ್ದೆ, ನೀರು ಏರಿತ್ತೋ ಇಳಿದಿತ್ತೋ, ಗೆರೆ ಸ್ಪಷ್ಟ ಇತ್ತೋ, ಯಾವುದು ಮೊದಲು ಮರೆಯಾಯಿತು, ಯಾವುದು ಆಮೇಲೆ. ಕ್ರಮ ಸಿಕ್ಕಿದರೆ ಅರ್ಧ ಬರವಣಿಗೆ ಮುಗಿಯಿತು. ವಿಶೇಷಣವನ್ನು ಕೊನೆಗೆ, ಬೇಕಿದ್ದರೆ.

ಒಂದು ಗಮನಿಸಲು ಹೇಳಿ. ಬೆಳಕು ಕಡಿಮೆಯಾದಂತೆ ಕೆಂಪು ಬಣ್ಣ ಮೊದಲು ಕಪ್ಪಾಗುತ್ತದೆ, ನೀಲಿ ತುಂಬ ಹೊತ್ತು ಉಳಿಯುತ್ತದೆ. ದಾಸವಾಳದ ಗಿಡವನ್ನು ಸಂಜೆ ನೋಡಿದರೆ ಹೂ ಎಲೆಗಿಂತ ಮುಂಚೆ ಕತ್ತಲಾಗಿರುತ್ತದೆ. 19ನೇ ಶತಮಾನದಲ್ಲಿ ಪುರ್ಕಿನ್ಯೆ ಎಂಬ ಚೆಕ್ ವಿಜ್ಞಾನಿ ಇದನ್ನು ಗುರುತಿಸಿದ. ಮಂದ ಬೆಳಕಿನಲ್ಲಿ ಕಣ್ಣಿನ ಬೇರೆ ಬಗೆಯ ಕೋಶಗಳು ಕೆಲಸಕ್ಕೆ ಬರುತ್ತವೆ, ಅವಕ್ಕೆ ಕೆಂಪು ಕಾಣುವುದಿಲ್ಲ.

ಬೋಳಾರ ಬಾಲ್ಕನಿ:
ಫೋಟೋ ನೋಡಿ ಬರೆಯಲು ಬಿಡಬೇಡಿ. ಮೊಬೈಲ್ ತಾನೇ ಬಿಳಿ ಬಣ್ಣ ಸರಿಮಾಡಲು ಹೋಗಿ ಕಿತ್ತಳೆಯನ್ನು ತೊಳೆದುಹಾಕ್ತದೆ. ಸೂರ್ಯ ದೊಡ್ಡದಾಗಿ ಕಂಡದ್ದೂ ಫೋಟೋದಲ್ಲಿ ಸಣ್ಣ ಚುಕ್ಕೆ.

ಎಂಡ್ ಪಾಯಿಂಟ್ ವಾಕಿಂಗ್:
ಅಲ್ಲಿ ಮೊಬೈಲಿನದ್ದು ತಪ್ಪಿಲ್ಲ. ದಿಗಂತದಲ್ಲಿ ಸೂರ್ಯ ದೊಡ್ಡದಾಗಿ ಕಾಣುವುದು ಮನಸ್ಸಿನ ಕೆಲಸ. ಅಳೆದರೆ ಮಧ್ಯಾಹ್ನದಷ್ಟೇ, ಅರ್ಧ ಕಿರುಬೆರಳು.

ಕೂಳೂರು ಸಂಕ:
ನಿನ್ನೆ ಸಂಜೆ ಹೋಗಿದ್ದೆವು. ಇದು ಅವಳದ್ದೇ, ನಾನು ಕೈ ಹಾಕಿಲ್ಲ:

"ತಣ್ಣೀರುಬಾವಿ, ಗಾಳಿಮರದ ಬುಡ. ನೀರು ಇಳಿದಿತ್ತು. ಕಡಲಿನ ಗೆರೆಯ ಮೇಲೆ ಬೂದು ಬಣ್ಣದ ಪಟ್ಟಿ, ಎರಡು ಬೆರಳು ದಪ್ಪ. ಸೂರ್ಯ ನೇರ ಪಡುವಣದಿಂದ ಎಡಕ್ಕೆ ಎರಡೂವರೆ ಮುಷ್ಟಿ ದೂರದಲ್ಲಿ ಇಳಿಯುತ್ತಿದ್ದ. ನೀರಿಗೆ ಮುಟ್ಟಲಿಲ್ಲ. ಪಟ್ಟಿಯ ಒಳಗೆ ಕೆಳಗಿನ ಅಂಚು ಮೊದಲು ಹೋಯಿತು, ಮೇಲಿನ ಚೂರು ಸ್ವಲ್ಪ ಹೊತ್ತು ಕೆಂಪಾಗಿ ಉಳಿದು ಅದೂ ಹೋಯಿತು. ಅಷ್ಟರಲ್ಲಿ ಹಡಗಿನ ದೀಪ ಹತ್ತಿತ್ತು. ಒದ್ದೆ ಮರಳಿನಲ್ಲಿ ಬಣ್ಣ ಇತ್ತು, ಒಣ ಮರಳಿನಲ್ಲಿ ಇರಲಿಲ್ಲ. ಅಮ್ಮನ ಕೆಂಪು ಚೂಡಿದಾರ ಕಪ್ಪಾಯಿತು, ನನ್ನ ಬ್ಯಾಗ್ ಇನ್ನೂ ನೀಲಿ. ಚುರುಮುರಿಯವನು ಗ್ಯಾಸ್ ಲೈಟ್ ಹಚ್ಚಿದ ಮೇಲೆ ಆಕಾಶ ಇದ್ದಕ್ಕಿದ್ದಂತೆ ಹೆಚ್ಚು ಕಪ್ಪಾಗಿ ಕಂಡಿತು."

ಅಜ್ಜರಕಾಡು ಓದುಗ:
ಕೊನೆಯ ವಾಕ್ಯ ಯಾರೂ ಹೇಳಿಕೊಟ್ಟದ್ದಲ್ಲ. ಅದನ್ನು ಮುಟ್ಟಬೇಡಿ.

ಹೂಡೆ ಕಡಲು:
ಹೊತ್ತು ಹಾಕಿಲ್ಲ. ಪಟ್ಟಿಯೊಳಗೆ ಮಾಯವಾದದ್ದು ಎಷ್ಟು ಗಂಟೆಗೆ, ಪೇಪರಿನ ಸೂರ್ಯಾಸ್ತಕ್ಕಿಂತ ಎಷ್ಟು ಮುಂಚೆ? ಎರಡು ಬೆರಳಿನ ಮಬ್ಬು ಎಂದರೆ ಏಳೆಂಟು ನಿಮಿಷ ಮುಂಚೆ ಇರಬೇಕು. ಅದು ವಿಜ್ಞಾನದ ಟೀಚರಿಗೆ ಬೇಕಾಗುತ್ತದೆ.

ಪಡುಬಿದ್ರಿ ಪ್ಯಾಸೆಂಜರ್:
ಹೊತ್ತು ಹಾಕಿದರೆ ಚಂದ ಹಾಳಾಗ್ತದೆ ಮಾರಾಯ್ರೆ.

ಹೂಡೆ ಕಡಲು:
ಮೊದಲ ಸಾಲಿನಲ್ಲಿ ಜಾಗದ ಪಕ್ಕದಲ್ಲಿ ಹಾಕಿದರೆ ಎಂತದೂ ಹಾಳಾಗುವುದಿಲ್ಲ.

ಮಣಿಪಾಲ ಗುಡ್ಡೆ:
ಪ್ರಾಜೆಕ್ಟ್ ಮುಂದುವರಿಸುವುದಾದರೆ ಒಂದು ದಿನ ಗುರುತು ಹಾಕಿಡಿ. ಏಪ್ರಿಲ್ 24ಕ್ಕೆ ಮಂಗಳೂರಿನಲ್ಲಿ ಸೂರ್ಯ ನೇರ ನೆತ್ತಿಯ ಮೇಲೆ ಬರುತ್ತಾನೆ, ಉಡುಪಿಗೆ ಮರುದಿನ. ಹೊತ್ತು ಸುಮಾರು 12:28. ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಇರುವುದಿಲ್ಲ. ಅಲ್ಲಿಂದ ಆಗಸ್ಟ್ ಮಧ್ಯದವರೆಗೆ ಮಧ್ಯಾಹ್ನದ ನೆರಳು ದಕ್ಷಿಣಕ್ಕೆ ಬೀಳುತ್ತದೆ, ಸೂರ್ಯಾಸ್ತ ಜೂನ್ 21ರವರೆಗೆ ಬಲಗಡೆಗೆ, ಆಮೇಲೆ ಮತ್ತೆ ಎಡಗಡೆಗೆ ಸರಿಯುತ್ತಿರುತ್ತದೆ. ಎರಡೂ ಒಂದೇ ನಕ್ಷೆಯಲ್ಲಿ ಹಾಕಬಹುದು.

ಕೂಳೂರು ಸಂಕ:
ಏಪ್ರಿಲಿನಲ್ಲಿ ಶಾಲೆಗೆ ರಜೆ ಸರ್.

ಮಣಿಪಾಲ ಗುಡ್ಡೆ:
ಆಗಸ್ಟ್ 18ಕ್ಕೆ ಮತ್ತೊಮ್ಮೆ ಬರುತ್ತದೆ. ಮಳೆ ಬಿಟ್ಟರೆ.